ಹಕ್ಕಿಯ ಹೊಟ್ಟೆಗೆ ಯಾವ ಹೂರಣ?

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಶಾಲೆಯ ಹಳೆ ಕಟ್ಟಡದ ಹಂಚು ಇಳಿಸುವ ಕೆಲಸ ಇತ್ತು. ವಿಜ್ಞಾನದ ಕೋಣೆಯ ಗಾಜಿನ ಕಪಾಟನ್ನು ಪಕ್ಕದ ಕಟ್ಟಡಕ್ಕೆ ಸಾಗಿಸಬೇಕಿತ್ತು. ನಾನು, ಇನ್ನೊಬ್ಬರು ಮಾಸ್ಟ್ರು, ರಜೆಯಲ್ಲೂ ಶಾಲೆಯ ಅಂಗಳ ಬಿಟ್ಟು ಹೋಗದ ನಾಲ್ಕೈದು ಹುಡುಗರು ಸೇರಿ ಹಿಡಿದೆವು. ಬಾಗಿಲು ದಾಟುವಾಗ ಕಪಾಟು ಒಂದಿಷ್ಟು ವಾಲಿತು, ಮೇಲಿನ ಹಲಗೆಯಲ್ಲಿ ಕುಳಿತಿದ್ದ ಕೆಂಬೂತ ದೊಪ್ಪನೆ ನೆಲಕ್ಕೆ ಬಿತ್ತು.

ನಾನು ಈ ಶಾಲೆಗೆ ಸೇರಿದ ದಿನದಿಂದಲೂ ಆ ಕೆಂಬೂತ ಅಲ್ಲೇ ಇತ್ತು. ಒಂದೇ ಕಣ್ಣು, ಕೆಂಪು ಗಾಜಿನದು. ಮಕ್ಕಳು ಅದಕ್ಕೆ 'ಹೆಡ್ಮಾಸ್ಟ್ರು' ಅಂತ ಹೆಸರಿಟ್ಟಿದ್ದರು (ನಿಜವಾದ ಹೆಡ್ಮಾಸ್ಟ್ರಿಗೆ ಇದು ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದರು). ಬಿದ್ದ ರಭಸಕ್ಕೆ ಹೊಟ್ಟೆಯ ಹೊಲಿಗೆ ಬಿಚ್ಚಿತು. ಒಳಗಿಂದ ಭತ್ತದ ಹೊಟ್ಟು, ಬೈಹುಲ್ಲಿನ ಚೂರು, ಮುದ್ದೆ ಮಾಡಿ ತುರುಕಿದ ಪತ್ರಿಕೆ ಕಾಗದ, ಅದರ ಜತೆ ಕಂದು ಬಣ್ಣದ ರೋಮರೋಮದ ಹುಳದ ಪೊರೆಗಳು ಬುಳಬುಳನೆ ಸುರಿದವು.

"ಸರ್, ಹೂರಣ ಹೊರಗೆ ಬಂತು!" ಎಂದ ಒಬ್ಬ ಹುಡುಗ. ಎಲ್ಲರೂ ನಕ್ಕೆವು. ನಾನೇ ಪೊರಕೆ ತಂದು ಗುಡಿಸಿದೆ. ಬಾಲದ ಗರಿ ಒಂದೊಂದನ್ನು ಮಕ್ಕಳು ಹೆಕ್ಕಿಕೊಂಡರು. ಪತ್ರಿಕೆಯ ಮುದ್ದೆ ಬಿಡಿಸಿ ನೋಡಿದೆ, ದಿನಾಂಕ ಸಿಕ್ಕಿದರೆ ಹಕ್ಕಿಯ ವಯಸ್ಸಾದರೂ ಗೊತ್ತಾದೀತಲ್ಲ ಎಂದು. ಅರ್ಧ ಸಿನೆಮಾ ಜಾಹೀರಾತು ಮಾತ್ರ ಓದಲಿಕ್ಕೆ ಬಂತು. ದಿನಾಂಕ ಇರುವ ಅಂಚನ್ನು ಹುಳ ತಿಂದು ಮುಗಿಸಿತ್ತು. ಹಕ್ಕಿಯ ಕಾಲಿಗೆ ಚೀಟಿ ಇರಲಿಲ್ಲ. "ಇದು ಯಾವ ಊರಿನ ಹಕ್ಕಿ ಸರ್?" ಎಂದು ಅದೇ ಹುಡುಗ ಕೇಳಿದ. ಗೊತ್ತಿಲ್ಲ ಎಂದೆ.

ನಾನು ಮಾಡಿದ ತಪ್ಪು ಆ ರಾತ್ರಿ ಓದುವಾಗಲಷ್ಟೇ ಹೊಳೆಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಶಾಲೆ ಶುರುವಾದ ಮೇಲೆ ಸ್ಟಾಫ್ ರೂಮಿನಲ್ಲಿ ಈ ಕೆಂಬೂತದ ವಿಚಾರ ಬಂತು. ಸುಟ್ಟು ಹಾಕಿ ಎಂದರು ಕೆಲವರು. ಅಂಗಡಿಯಲ್ಲಿ ಪ್ಲಾಸ್ಟಿಕ್ ಹಕ್ಕಿ ಸಿಗುತ್ತದೆ, ಒಂದು ತಂದಿಡುವ ಎಂದರು ಇನ್ನು ಕೆಲವರು. ನಾನು ಗೌರವಿಸುವ ಹಿರಿಯರೊಬ್ಬರು, "ಹೊಟ್ಟು ತೆಗೆದು ಒಳ್ಳೆ ಬೂರುಗದ ಅರಳೆ ತುಂಬಿಸಿ ಹೊಲಿಯುವ ಮಾರಾಯ್ರೇ, ಶಾಸ್ತ್ರಮೇಳಕ್ಕೆ ಚಂದ ಕಾಣ್ತದೆ" ಎಂದರು. ಬೂರುಗವಾದರೇನು, ಹೊಟ್ಟಾದರೇನು, ಒಳಗಿನದ್ದು ಯಾರಿಗೆ ಕಾಣುತ್ತದೆ ಎಂಬುದು ಅವರ ಪ್ರಶ್ನೆ. ನನ್ನ ತಕರಾರು ಇರುವುದು ಇಲ್ಲಿಯೇ. ಹಕ್ಕಿಯ ಚರ್ಮದೊಳಗೆ ಏನು ತುಂಬುತ್ತೇವೆ ಎಂಬುದು ಕಪಾಟಿನ ಅಂದಚಂದದ ಪ್ರಶ್ನೆ ಅಲ್ಲ. ಐವತ್ತು ನೂರು ವರ್ಷ ಕಳೆದು ಆ ಹಕ್ಕಿಯನ್ನು ಕೈಗೆತ್ತಿಕೊಳ್ಳುವವನಿಗೆ ನಾವು ಏನು ಬಿಟ್ಟು ಹೋಗುತ್ತೇವೆ ಎಂಬ ಪ್ರಶ್ನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. 'ಸ್ಟಫ್ ಮಾಡಿದ ಹಕ್ಕಿ' ಎಂದಾಗ ನಮ್ಮ ಕಣ್ಣಿಗೆ ಬರುವುದು ಕೊಂಬೆಯ ಮೇಲೆ ಗಾಜಿನ ಕಣ್ಣು ಬಿಟ್ಟು ಕುಳಿತ ಪ್ರದರ್ಶನದ ಹಕ್ಕಿ. ಮ್ಯೂಸಿಯಂಗಳ ಒಳಕೋಣೆಯ ಡ್ರಾಯರುಗಳಲ್ಲಿ ಸಾವಿರಗಟ್ಟಲೆ ಇರುವುದು ಬೇರೆಯೇ ನಮೂನೆ. ಅಂಗಾತ ಮಲಗಿಸಿದ್ದು, ರೆಕ್ಕೆ ಮಡಿಸಿದ್ದು, ಕಾಲಿಗೆ ಚೀಟಿ ಕಟ್ಟಿದ್ದು, ಕಣ್ಣಿನ ಗೂಡಿನಲ್ಲಿ ಬಿಳಿ ಹತ್ತಿ. ನೋಡಲು ಚಂದವೇನೂ ಇಲ್ಲ. ಇದು ಅಧ್ಯಯನದ ಚರ್ಮ. ಎರಡಕ್ಕೂ ಒಳಗೆ ತುಂಬುವುದು ಬೇರೆ ಬೇರೆ. ಕೂರಿಸುವ ಹಕ್ಕಿಗೆ ಗಟ್ಟಿ ಮೈ ಬೇಕು. ಹಿಂದೆ ಗಾಜಿನ ಸಾಮಾನಿನ ಪೆಟ್ಟಿಗೆಗಳಲ್ಲಿ ಮೆತ್ತೆಯಾಗಿ ಬರುತ್ತಿದ್ದ, ನೂಲಿನಷ್ಟು ಸಪೂರದ ಮರದ ಸುರುಳಿಯನ್ನು ದಾರದಿಂದ ಬಿಗಿದು ಕಟ್ಟಿ, ತೆಗೆದ ದೇಹದ ಅಳತೆಗೆ ಸರಿಯಾಗಿ ಮೈ ಮಾಡಿ, ತಂತಿ ಹಾಯಿಸಿ ನಿಲ್ಲಿಸುತ್ತಾರೆ. ಹುಲಿ ಚಿರತೆಗಳ ವಿಷಯದಲ್ಲಂತೂ 'ತುಂಬುವುದು' ಎನ್ನುವ ಮಾತೇ ಸರಿಯಲ್ಲ. 1999ರಲ್ಲಿ ಬಾಗಿಲು ಹಾಕಿದ ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆಯಲ್ಲಿ ಕಾಗದದ ರಚ್ಚಿನ ಅಚ್ಚು ಮಾಡಿ ಅದರ ಮೇಲೆ ಚರ್ಮ ಹೊದೆಸುತ್ತಿದ್ದರು. ಇದಕ್ಕೆಲ್ಲ ಚರ್ಮಪ್ರಸಾಧನ ಎಂಬ ದೊಡ್ಡ ಮಾತೂ ಕನ್ನಡದಲ್ಲಿದೆ. ನನಗೆ ನಮ್ಮ ಹುಡುಗನ 'ಹೂರಣ'ವೇ ಹಿಡಿಸಿತು.

ಅಧ್ಯಯನದ ಚರ್ಮ ಮಾಡುವಾಗ ಎದೆಯ ಮೂಳೆಯಿಂದ ಕೆಳಗೆ ಸೀಳಿ ಇಡೀ ಮೈಯನ್ನು ಹೊರಗೆ ತೆಗೆಯುತ್ತಾರೆ. ತಲೆಬುರುಡೆ, ರೆಕ್ಕೆಯ ಮೂಳೆ, ಕಾಲಿನ ಮೂಳೆ ಚರ್ಮದ ಜತೆ ಉಳಿಯುತ್ತವೆ. ಮಿದುಳು, ಕಣ್ಣು, ನಾಲಿಗೆ ಹೋಗುತ್ತವೆ. ರಕ್ತ ಗರಿಗೆ ತಾಗದಂತೆ ಜೋಳದ ಹಿಟ್ಟನ್ನೋ ನಯವಾದ ಮರದ ಹುಡಿಯನ್ನೋ ಉದುರಿಸುತ್ತಾರೆ. ಚರ್ಮಕ್ಕೆ ಅಂಟಿದ ಕೊಬ್ಬನ್ನು ಕೆರೆದು ತೆಗೆಯುವುದು ದೊಡ್ಡ ಕೆಲಸ. ಉಳಿದ ಕೊಬ್ಬು ವರ್ಷಗಳ ಮೇಲೆ ಹಳದಿ ಎಣ್ಣೆಯಾಗಿ ಒಸರುತ್ತದೆ, ಚರ್ಮ ಹಪ್ಪಳದ ಹಾಗೆ ಮುರಿಯುತ್ತದೆ. ಇಷ್ಟಾದ ಮೇಲೆ ಒಂದು ಕಡ್ಡಿಗೆ ಹತ್ತಿ ಸುತ್ತಿ ಹಕ್ಕಿಯ ಮೈಯ ಆಕಾರ ತಂದು, ತುದಿಯನ್ನು ತಲೆಬುರುಡೆಯೊಳಕ್ಕೆ ಸೇರಿಸಿ, ಚರ್ಮವನ್ನು ಅದರ ಮೇಲೆ ಎಳೆದು ಹೊಲಿಯುತ್ತಾರೆ. ಹೂರಣ ಅಂದರೆ ಇಷ್ಟೇ, ಒಂದು ಕಡ್ಡಿ ಮತ್ತು ಹತ್ತಿ.

ಇಷ್ಟಕ್ಕೆ ಹತ್ತಿಯೇ ಯಾಕೆ ಬೇಕು? ನಮ್ಮ ಮನೆಗಳಲ್ಲಿ, ಹಟ್ಟಿಯಲ್ಲಿ ಸಿಗುವ ಒಂದೊಂದನ್ನೇ ಯೋಚಿಸಿ ನೋಡಿ. ಭತ್ತದ ಹೊಟ್ಟಿನಲ್ಲಿ ನುಚ್ಚು, ತವುಡು ಇದ್ದೇ ಇರುತ್ತದೆ, ಅಕ್ಕಿಯ ಡಬ್ಬಕ್ಕೆ ಬರುವ ಹುಳಕ್ಕೆ ಅದು ಊಟದ ಎಲೆ. ಬೈಹುಲ್ಲಿಗೆ ನಮ್ಮ ಆಟಿ ತಿಂಗಳ ಥಂಡಿಯಲ್ಲಿ ಬೂಸಲು ಹಿಡಿಯದೆ ಇರುವುದಿಲ್ಲ. ಪತ್ರಿಕೆಯ ಕಾಗದ ಮರದ ತಿರುಳಿನದ್ದು, ಬರಬರುತ್ತ ಹುಳಿಯಾಗಿ ಹಳದಿಯಾಗಿ ಪುಡಿಯಾಗುತ್ತದೆ, ತಾಗಿದ್ದನ್ನೂ ಹಾಳು ಮಾಡುತ್ತದೆ. ಹಳೆ ಸ್ವೆಟರಿನ ಉಣ್ಣೆ ಮೆತ್ತಗಿದೆಯಲ್ಲ ಎಂದು ಯಾರಾದರೂ ತುಂಬಿದರೆ ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ. ಗರಿ ಯಾವುದರಿಂದ ಆಗಿದೆಯೋ ಆ ಕೆರಾಟಿನ್ನಿನಿಂದಲೇ ಉಣ್ಣೆಯೂ ಆಗಿರುವುದು. ಮ್ಯೂಸಿಯಂಗಳ ದೊಡ್ಡ ಶತ್ರುವಾದ ಆ ರೋಮದ ಮರಿಹುಳ ಅದನ್ನೇ ತಿಂದು ಬದುಕುವಂಥದ್ದು. ಹಿಂದೂಸ್ಥಾನದ ಹಕ್ಕಿಗಳನ್ನು ಅತಿ ಹೆಚ್ಚು ಸಂಗ್ರಹಿಸಿದ ಎ. ಓ. ಹ್ಯೂಮ್ 1885ರಲ್ಲಿ ತಮ್ಮ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂಗೆ ಕೊಡುವ ಹೊತ್ತಿಗೆ ಸಾವಿರಾರು ಚರ್ಮಗಳು ಹುಳ ಬಿದ್ದು ಹಾಳಾಗಿದ್ದವು. ಸಿಮ್ಲಾದ ಬಂಗಲೆಯಲ್ಲೇ ಹಾಗಾದರೆ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಹೊಯ್ಯುವ ನಮ್ಮ ಕಾಸರಗೋಡಿನ ಹಂಚಿನ ಶಾಲೆಯ ಕಥೆ ಏನು?

ಸ್ಪಂಜು ಇದೆಯಲ್ಲ, ಹಾಸಿಗೆಗೆ ಹಾಕುವ ಫೋಮ್, ಅದಕ್ಕೆ ಹುಳ ಬೀಳುವುದಿಲ್ಲ ಎನ್ನುತ್ತಾರೆ. ನಿಜ. ಆದರೆ ಹಳೆ ಬಸ್ಸಿನ ಸೀಟು ಹರಿದಾಗ ಒಳಗಿಂದ ಹಳದಿ ಹುಡಿ ಉದುರುವುದನ್ನು ನೋಡಿಲ್ಲವೆ? ಕೆಲವೇ ದಶಕಗಳಲ್ಲಿ ಫೋಮ್ ಅಂಟಂಟಾಗಿ ಪುಡಿಯಾಗುತ್ತದೆ. ತೆಂಗಿನ ನಾರು ನಮ್ಮಲ್ಲಿ ಬೇಕಾದಷ್ಟಿದೆ, ಆದರೆ ಗಡಸು, ಚಿಕ್ಕ ಹಕ್ಕಿಯ ತೆಳು ಚರ್ಮವನ್ನು ಒಳಗಿಂದಲೇ ಚುಚ್ಚುತ್ತದೆ. ಉಪ್ಪುನೀರಿನಲ್ಲಿ ಕೊಳೆಸಿದ ನಾರಾದರೆ ಅದರ ಉಪ್ಪು ತೇವವನ್ನು ಎಳೆದುಕೊಳ್ಳುತ್ತದೆ.

ಇನ್ನು ಹಿರಿಯ ಮಾಸ್ಟ್ರ ಬೂರುಗ. ಅದರ ಬಗ್ಗೆ ನನಗೂ ಪ್ರೀತಿ ಇದೆ, ಅದರ ತಲೆದಿಂಬಿನಲ್ಲೇ ಮಲಗಿ ಬೆಳೆದವನು ನಾನು. ಹಗುರ, ಮೇಣದ ಗುಣ ಇರುವುದರಿಂದ ನೀರು ಹೀರುವುದೂ ಕಡಿಮೆ. ಆದರೆ ಎಳೆ ಗಿಡ್ಡ, ನುಣುಪು, ಕಡ್ಡಿಗೆ ಸುತ್ತಿದರೆ ಹಿಡಿದು ನಿಲ್ಲುವುದಿಲ್ಲ. ತುರುಕಬಹುದು, ಸುತ್ತಲು ಬರುವುದಿಲ್ಲ. ದಿಂಬಿನೊಳಗೆ ಬೂರುಗ ಗಂಟುಗಂಟಾಗಿ ಒಂದು ಮೂಲೆಗೆ ಸೇರುವುದು ನಮಗೆಲ್ಲ ಗೊತ್ತು, ಹಕ್ಕಿಯೊಳಗೂ ಹಾಗೆಯೇ ಆಗುತ್ತದೆ. ಮುಂದೆ ಯಾರಾದರೂ ಬಿಚ್ಚಿದರೆ ಗಾಳಿಗೆ ಹಾರಿ ಗರಿಗೆಲ್ಲ ಮೆತ್ತುತ್ತದೆ. ಹತ್ತಿಯ ಸುರುಳಿಯಾದರೆ ಕಡ್ಡಿ ಹಿಡಿದು ಎಳೆದರೆ ಒಂದೇ ತುಂಡಾಗಿ ಹೊರಗೆ ಬರುತ್ತದೆ.

ಹತ್ತಿಯಲ್ಲೂ ಆಯ್ಕೆ ಇದೆ. ಮೆಡಿಕಲ್ ಅಂಗಡಿಯಲ್ಲಿ ನೀಲಿ ಕಾಗದ ಸುತ್ತಿ ಕೊಡುವ ಹತ್ತಿ ರಕ್ತ ಹೀರಲಿಕ್ಕೆಂದೇ ಮಾಡಿದ್ದು. ಹತ್ತಿಯ ಎಳೆಯ ಮೇಲಿನ ಸಹಜ ಮೇಣವನ್ನು ತೊಳೆದು ತೆಗೆದಿರುತ್ತಾರೆ. ನಮ್ಮಂಥ ಮಳೆಯ ಊರಿನಲ್ಲಿ ಅದು ಗಾಳಿಯ ತೇವವನ್ನು ಕುಡಿದು ಕುಳಿತುಕೊಳ್ಳುತ್ತದೆ. ಚರ್ಮ ಸುಲಿಯುವಾಗ ರಕ್ತ ಒರೆಸಲು ಅದು ಒಳ್ಳೆಯದು, ಒಳಗೆ ಉಳಿಸಲು ಮೇಣ ತೆಗೆಯದ, ಬೀಜ ಕಸ ಇಲ್ಲದ, ಉದ್ದ ಎಳೆಯ ಹತ್ತಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ. ಹಾಸಿಗೆ ಅಂಗಡಿಯಲ್ಲಿ ಹಳೆ ಬಟ್ಟೆ ಚಿಂದಿ ಕಡಿದು ಮಾಡಿದ ಅರಳೆಯನ್ನೂ ಹತ್ತಿ ಎಂದೇ ಮಾರುತ್ತಾರೆ, ನೋಡಿ ತೆಗೆದುಕೊಳ್ಳಬೇಕು. ಈಗ ಕೆಲವರು ಪಾಲಿಯೆಸ್ಟರ್ ಅರಳೆಯನ್ನೂ ಬಳಸುತ್ತಾರೆ. ತೇವ ಹೀರುವುದಿಲ್ಲ, ಹುಳಕ್ಕೆ ಬೇಡ. ದೊಡ್ಡ ಹಕ್ಕಿಗೆ ಆದೀತು. ಚಿಕ್ಕದಕ್ಕೆ ಮಾತ್ರ ಅದರ ಪುಟಿಯುವ ಗುಣವೇ ಕಿರಿಕಿರಿ, ಒತ್ತಿದಷ್ಟೂ ಉಬ್ಬುತ್ತದೆ. ಕಡ್ಡಿಯ ವಿಷಯ ಒಂದು ಮಾತು: ಬಿದಿರು ಸುಲಭಕ್ಕೆ ಸಿಗುತ್ತದೆಂದು ಹಸಿ ಬಿದಿರು ಸೀಳಿ ಹಾಕಬೇಡಿ, ಕುಟ್ಟೆ ಹುಳ ಬಿದ್ದು ಹಿಟ್ಟು ಉದುರುತ್ತದೆ.

ತುಂಬಿದ್ದು ಏನು ಎಂಬಷ್ಟೇ ಮುಖ್ಯ, ತುಂಬಿದ್ದು ಎಷ್ಟು ಎಂಬುದು. ಕಲಿಯುವವರೆಲ್ಲ ಹೆಚ್ಚೇ ತುಂಬುತ್ತಾರಂತೆ. ಹಸಿ ಚರ್ಮ ಎಳೆದಷ್ಟೂ ಬರುತ್ತದೆ, ಕುತ್ತಿಗೆ ಬೆರಳುದ್ದ ಜಾಸ್ತಿಯಾಗುತ್ತದೆ, ಎದೆಯ ಗರಿಸಾಲು ಬಿಟ್ಟುಕೊಂಡು ಬರಿ ಚರ್ಮ ಕಾಣುತ್ತದೆ. ಹಬ್ಬದ ದಿನ ಹೋಳಿಗೆಗೆ ಹೂರಣ ಜಾಸ್ತಿ ಇಟ್ಟು ಲಟ್ಟಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. 18ನೇ ಶತಮಾನದಲ್ಲಿ ಫ್ರಾನ್ಸಿನ ಮೆಟ್ಸ್ ಎಂಬ ಊರಿನಲ್ಲಿ ಬೆಕೂರ್ ಎಂಬವನೊಬ್ಬ ಹುಳದ ಕಾಟಕ್ಕೆ ಮದ್ದು ಕಂಡುಹಿಡಿದ. ಆರ್ಸೆನಿಕ್, ಅಂದರೆ ಪಾಷಾಣ ಬೆರೆಸಿದ ಸಾಬೂನು. ಅದನ್ನು ಚರ್ಮದ ಒಳಮೈಗೆ ಬಳಿದರೆ ಹುಳ ಹತ್ತಿರ ಸುಳಿಯುವುದಿಲ್ಲ. ಜಗತ್ತಿನ ಮ್ಯೂಸಿಯಂಗಳೆಲ್ಲ ಇದನ್ನು ಇಪ್ಪತ್ತನೇ ಶತಮಾನದ ಎರಡನೇ ಅರ್ಧದವರೆಗೂ ಬಳಸಿದವು. ಹುಳ ಸತ್ತಿತು ಸರಿ, ಆದರೆ ಆರ್ಸೆನಿಕ್ ಆವಿಯಾಗಿ ಹೋಗುವ ವಸ್ತುವಲ್ಲ. ಎಷ್ಟೇ ವರ್ಷ ಕಳೆದರೂ ಒಳಗಿನ ಹತ್ತಿಯಲ್ಲಿ, ಹೊಟ್ಟಿನಲ್ಲಿ, ಗರಿಯ ಬುಡದಲ್ಲಿ ಹುಡಿಯಾಗಿ ಇರುತ್ತದೆ. ಕಣ್ಣಿನಿಂದ ನೋಡಿ ಇದೆ, ಇಲ್ಲ ಎನ್ನಲು ಬರುವುದಿಲ್ಲ. ಆದ್ದರಿಂದ 1980ಕ್ಕಿಂತ ಹಿಂದಿನ ಯಾವ ಹಕ್ಕಿಯನ್ನಾದರೂ ವಿಷ ಇದೆಯೆಂದೇ ಭಾವಿಸಿ ಮುಟ್ಟಬೇಕು. ನಮ್ಮ ಕೆಂಬೂತಕ್ಕೆ ಹುಳ ಬಿದ್ದಿತ್ತು, ಹಾಗಾಗಿ ವಿಷ ಇರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅದು ಸಮಾಧಾನ ಅಷ್ಟೆ, ಪುರಾವೆ ಅಲ್ಲ. ನಾನು ಬರಿಗೈಯಲ್ಲಿ, ಒಣ ಪೊರಕೆಯಲ್ಲಿ ಧೂಳೆಬ್ಬಿಸಿ ಗುಡಿಸಿದ್ದೆ, ಮಕ್ಕಳು ಗರಿ ಹೆಕ್ಕಿ ಕಿಸೆಗೆ ಹಾಕಿಕೊಂಡಿದ್ದರು! ಮರುದಿನ ಬೆಳಿಗ್ಗೆ ಆ ಐವರ ಮನೆಗೂ ಹೋಗಿ ಗರಿ ವಾಪಸ್ ತಂದೆ. ಒಬ್ಬಳು ತಾಯಿ, "ಇಷ್ಟು ವರ್ಷ ಆ ಕಪಾಟಿನ ಹತ್ತಿರವೇ ಮಕ್ಕಳನ್ನು ಕೂರಿಸಿದ್ದೀರಲ್ಲ ಸರ್" ಎಂದರು. ಏನು ಹೇಳಲಿ...

ಹಾಗಾದರೆ ಸುಟ್ಟು ಹಾಕುವುದೇ ಸರಿ ಅಲ್ಲವೆ ಎನ್ನುತ್ತೀರಿ. ಅಲ್ಲ. ಆರ್ಸೆನಿಕ್ ಇದ್ದರೆ ಹೊಗೆಯಲ್ಲಿ ಊರಿಗೆಲ್ಲ ಹಂಚಿದ ಹಾಗಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ.

1960ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹಕ್ಕಿಗಳು ಸಾಯತೊಡಗಿದವು. ಬಿತ್ತನೆ ಬೀಜಕ್ಕೆ ಹಚ್ಚುತ್ತಿದ್ದ ಪಾದರಸದ ಔಷಧಿಯ ಮೇಲೆ ಅನುಮಾನ ಬಂತು. ವಿಜ್ಞಾನಿಗಳು ಮ್ಯೂಸಿಯಂಗಳಿಗೆ ಹೋಗಿ ನೂರು ವರ್ಷಗಳ ಹಕ್ಕಿಗಳ ಗರಿ ತೆಗೆದು ಪಾದರಸ ಅಳೆದರು. ಔಷಧಿ ಬಳಕೆಗೆ ಬಂದ 1940ರ ದಶಕದ ನಂತರದ ಗರಿಗಳಲ್ಲಿ ಅದು ಎದ್ದು ಕಾಣುವಂತೆ ಏರಿತ್ತು. 1966ರಲ್ಲಿ ಆ ಔಷಧಿಗೆ ಅಲ್ಲಿ ನಿಷೇಧ ಬಿತ್ತು. 2017ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 1300ಕ್ಕಿಂತ ಹೆಚ್ಚು ಹಕ್ಕಿ ಚರ್ಮಗಳ ಎದೆಗರಿಯ ಮೇಲಿನ ಮಸಿಯನ್ನು ನೋಡಿ 135 ವರ್ಷಗಳ ಕಲ್ಲಿದ್ದಲು ಹೊಗೆಯ ಏರಿಳಿತವನ್ನು ಓದಿದರು. ಆ ಹಕ್ಕಿಗಳಿಗೆ ಹತ್ತಿ ಸುತ್ತಿದವನಿಗೆ ಇದು ಕನಸಿನಲ್ಲೂ ಗೊತ್ತಿರಲಿಲ್ಲ. ಹುಳಕ್ಕೆಂದು ಪಾದರಸದ ಲವಣ ಬಳಿದ ಚರ್ಮಗಳೂ ಮ್ಯೂಸಿಯಂಗಳಲ್ಲಿವೆ, ಅಂಥವುಗಳಲ್ಲಿ ಪಾದರಸ ಅಳೆದರೆ ಹಕ್ಕಿ ತಿಂದದ್ದೆಷ್ಟು, ಮನುಷ್ಯ ಬಳಿದದ್ದೆಷ್ಟು ಎಂದು ಬೇರ್ಪಡಿಸುವುದೇ ಕಷ್ಟ. ಅದಕ್ಕೇ ನಾನು ಹೇಳುವುದು, ಒಳ್ಳೆಯ ಹೂರಣ ಎಂದರೆ ಹಕ್ಕಿಗೆ ತನ್ನದೇನನ್ನೂ ಸೇರಿಸದ, ಬೇಕಾದಾಗ ಪೂರ್ತಿ ಹೊರಗೆ ತೆಗೆಯಲು ಬರುವ ಹೂರಣ ಎಂದು.

ಇದು ನಮಗೆ ದೂರದ ಕಥೆ ಅಲ್ಲ. ಎಣ್ಮಕಜೆ, ಪಡ್ರೆ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ನೋಡಿದವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಅದು ನಡೆಯಿತು. ದೇಶವಿಡೀ ಅದನ್ನು ತಡೆಯುವ ಸುಪ್ರೀಂ ಕೋರ್ಟಿನ ಆದೇಶ ಬಂದದ್ದು 2011ರಲ್ಲಿ. ಹೆಲಿಕಾಪ್ಟರ್ ಬರುವ ಮೊದಲು ಈ ಗುಡ್ಡೆಗಳಲ್ಲಿ ಎಷ್ಟು ಬಗೆಯ ಹಕ್ಕಿಗಳಿದ್ದವು ಎಂದು ಅಜ್ಜಂದಿರು ಹೇಳುತ್ತಾರೆ, ಕೇಳುವಾಗ ಗಂಟಲು ಕಟ್ಟುತ್ತದೆ. ಆದರೆ ಕೈಯಲ್ಲಿ ಹಿಡಿದು ತೋರಿಸಲು ಏನಿದೆ? ಸಾಲಿಂ ಅಲಿಯವರು 1933ರಲ್ಲಿ ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಹಕ್ಕಿ ಸಮೀಕ್ಷೆ ಮಾಡಿದರು, ಕೆಲವು ವರ್ಷಗಳಲ್ಲಿ ಮೈಸೂರು ಸಂಸ್ಥಾನದ್ದೂ ಮಾಡಿದರು. ಕಾಸರಗೋಡು ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಅತ್ತವೂ ಅಲ್ಲ ಇತ್ತವೂ ಅಲ್ಲ. 1956ರ ನವೆಂಬರ್ 1ರ ನಂತರ ನಾವು ಅನುಭವಿಸುತ್ತಿರುವ ಸ್ಥಿತಿ ನಮ್ಮ ಹಕ್ಕಿಗಳಿಗೆ ಅದಕ್ಕೂ ಮೊದಲೇ ಬಂದಿತ್ತು ಎನ್ನಿ! ಎಂಡೋಸಲ್ಫಾನ್ ಕೂಡ ಪಾದರಸದ ಹಾಗೆ ಗರಿಯಲ್ಲಿ ಉಳಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಇಂಥ ಊರಿನಲ್ಲಿ, ಇಂಥ ದಿನ ಇಂಥ ಹಕ್ಕಿ ಇತ್ತು ಎಂಬ ಒಂದು ಚೀಟಿಯಾದರೂ ಉಳಿಯುತ್ತಿತ್ತಲ್ಲ ಎಂಬುದು ನನ್ನ ಸಂಕಟ. ನಮ್ಮ ಕೆಂಬೂತ ಬಹುಶಃ ಆ ಕಾಲದ್ದೇ. ಅದನ್ನು ತಯಾರಿಸಿದವರು ಹೊಟ್ಟು ತುಂಬುವ ಶ್ರಮದಲ್ಲಿ ಹತ್ತರಲ್ಲಿ ಒಂದು ಪಾಲನ್ನು ಚೀಟಿ ಬರೆಯಲು ಕೊಟ್ಟಿದ್ದರೆ ಸಾಕಿತ್ತು.

ಹಾಗೆಂದು ಶಾಲೆಗಳು ಈಗ ಹಕ್ಕಿ ತುಂಬಲು ಹೊರಡಬೇಕೆಂದು ನಾನು ಹೇಳುವುದಿಲ್ಲ. ಆಗಸ್ಟಿನಲ್ಲಿ ಏಳನೆಯ ಹುಡುಗಿಯೊಬ್ಬಳು ಕಿಟಕಿ ಗಾಜಿಗೆ ಬಡಿದು ಸತ್ತ ಮಿಂಚುಳ್ಳಿಯನ್ನು ಬಾಳೆ ಎಲೆಯಲ್ಲಿ ಸುತ್ತಿ ತಂದಳು. "ಶಾಸ್ತ್ರಮೇಳಕ್ಕೆ ತುಂಬಿಸುವ ಸರ್, ಹತ್ತಿಯೇ ತುಂಬಿಸುವ" ಎಂದಳು. ಆಗುವುದಿಲ್ಲ ಎಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಸತ್ತು ಬಿದ್ದ ಕಾಡುಹಕ್ಕಿಯೂ ಸರಕಾರದ ಸೊತ್ತು, ಕೈಗೆ ಬಂದರೆ 48 ಗಂಟೆಯೊಳಗೆ ತಿಳಿಸಬೇಕು. ಅದಲ್ಲದೆ 2014ರಲ್ಲಿ ಆಲಪ್ಪುಳದ ಬಾತುಕೋಳಿಗಳಿಗೆ ಹಕ್ಕಿಜ್ವರ ಬಂದದ್ದು ಮರೆತಿಲ್ಲ, ಸತ್ತ ಹಕ್ಕಿಯನ್ನು ಮಕ್ಕಳು ಮುಟ್ಟುವುದೇ ಬೇಡ. ಅವಳ ಮುಖ ಬಾಡಿತು. ಅರಣ್ಯ ಕಚೇರಿಗೆ ಫೋನ್ ಮಾಡಿದೆವು, ಅವರು ಹೇಳಿದಂತೆ ಮಾಡಿದೆವು. ಹುಡುಗಿಯ ಹತ್ತಿರ ಮಾತ್ರ ಒಂದು ಚೀಟಿ ಬರೆಸಿದೆ: ದಿನಾಂಕ, ಸಮಯ, ಜಾಗ, ಹೇಗೆ ಸತ್ತಿತು, ಕೊಕ್ಕಿನ ಬಣ್ಣ, ಕಾಲಿನ ಬಣ್ಣ. ಪೆನ್ಸಿಲಿನಲ್ಲಿ ಬರೆಸಿದೆ, ಮಳೆಗಾಲದಲ್ಲಿ ಪೆನ್ನಿನ ಶಾಯಿ ಹರಡುತ್ತದೆ.

ತುಂಬುವ ಕೆಲಸ ಹೇಗೆಂದು ನೋಡಲೇಬೇಕು ಎಂದವರಿಗೆ ಕೋಳಿ ಅಂಗಡಿಯಿಂದ ಒಂದು ಕೋಳಿ ತಂದೆ. ಕೊಬ್ಬು ತೆಗೆದೇ ಎರಡು ಗಂಟೆ ಹೋಯಿತು, ಚರ್ಮ ಎರಡು ಕಡೆ ಹರಿಯಿತು, ಕುತ್ತಿಗೆ ಕೊಕ್ಕರೆಯ ಹಾಗಾಯಿತು. ಮನೆಯಲ್ಲಿ ಮಾಂಸ ಮುಟ್ಟದ ಮಕ್ಕಳೂ ನಮ್ಮಲ್ಲಿದ್ದಾರೆ, ಅವರನ್ನು ಒತ್ತಾಯಿಸಲಿಲ್ಲ. ಕಡ್ಡಿಗೆ ಹತ್ತಿ ಸುತ್ತುವ ಕೆಲಸ ಅವರದ್ದು. ದೇವರ ಬತ್ತಿ ಹೊಸೆದು ಅಭ್ಯಾಸ ಇರುವ ಹುಡುಗಿಯೊಬ್ಬಳು ಸುತ್ತಿದ ಮೈ ನಾನು ಸುತ್ತಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು, ಬೂರುಗದಲ್ಲಿ ಪ್ರಯತ್ನಿಸಿದ ಹುಡುಗರದ್ದು ಐದು ನಿಮಿಷದಲ್ಲಿ ಬಿಚ್ಚಿಕೊಂಡಿತು. ಹಿರಿಯ ಮಾಸ್ಟ್ರು ಅದನ್ನು ನೋಡಿ ಏನೂ ಹೇಳಲಿಲ್ಲ, ಚಾ ಕುಡಿಯಲು ಕರೆದರು.

ಕೆಂಬೂತವನ್ನು ನಾವು ಮತ್ತೆ ತುಂಬಲಿಲ್ಲ. ಕೈಗವಸು, ಮಾಸ್ಕ್ ಹಾಕಿಕೊಂಡು ಉಳಿದ ಚರ್ಮ, ಗರಿ, ಹೊಟ್ಟು, ಆ ಅರ್ಧ ಸಿನೆಮಾ ಜಾಹೀರಾತು ಎಲ್ಲವನ್ನೂ ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದೇವೆ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೇವೆ. ಹುಳ ಸಾಯಲು ಎರಡು ವಾರ ಫ್ರೀಜರಿನಲ್ಲಿ ಇಡಬೇಕಂತೆ. ವಿಷದ ಅನುಮಾನ ಇರುವುದನ್ನು ಮನೆಯ ಮೀನಿನ ಪಕ್ಕ ಇಡಲು ಯಾರೂ ಒಪ್ಪಲಿಲ್ಲ, ನಾನೂ ಒಪ್ಪುವುದಿಲ್ಲ. ಇದನ್ನು ಏನು ಮಾಡಬೇಕೆಂದು ಕೇಳಿ ಅರಣ್ಯ ಇಲಾಖೆಗೆ ಪತ್ರ ಬರೆದಿದ್ದೇವೆ. ಚೀಲದ ಮೇಲೆ ಚೀಟಿ ಅಂಟಿಸಿದೆ: 'ಕೆಂಬೂತ. ಊರು ಗೊತ್ತಿಲ್ಲ. ಕಾಲ ಗೊತ್ತಿಲ್ಲ. ತಯಾರಿಸಿದವರು ಗೊತ್ತಿಲ್ಲ. ಒಳಗೆ ಭತ್ತದ ಹೊಟ್ಟು, ಬೈಹುಲ್ಲು, ಕನ್ನಡ ಪತ್ರಿಕೆ. ಮುಟ್ಟಬೇಡಿ.'

ಆ ಕಾಲದಲ್ಲಿ ನಮ್ಮ ಶಾಲೆಯಲ್ಲಿ ಓದಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅದನ್ನು ತಂದವರು ಯಾರೆಂದು ನೆನಪಿದ್ದರೆ, ದಯವಿಟ್ಟು ತಿಳಿಸಿ. ಚೀಟಿಯಲ್ಲಿ ಇನ್ನೂ ಜಾಗ ಇದೆ.